ಸಾತಪುರದ ಬಿಳಿ ಫಿಲ್ಟರ್

ಮೇ 6, ಚಿಕಲಠಾಣಾ ಲ್ಯಾಬ್
ಮತ್ತೆ ನಾಸಿಕದ ಸಾತಪುರದಿಂದ ಬಂದ ಫಿಲ್ಟರ್. ಮತ್ತೆ ಹೆಚ್ಚುಕಡಿಮೆ ಬಿಳಿ. ಸುತ್ತ ಅಷ್ಟು ಹೊಗೆ, ಕಾಗದ ಮಾತ್ರ ಒಗೆದು ಒಣಹಾಕಿದಂತಿದೆ. ಗಾಳಿ ಎಳೆದು ಈ ಕಾಗದದಲ್ಲಿ ಮಸಿ ಹಿಡಿಯುವ ಮಷೀನ್ ಅಲ್ಲಿ ಒಂದು ಬಿಲ್ಡಿಂಗಿನ ಟೆರೇಸ್ ಮೇಲಿದೆ. ನೋಡಿಕೊಳ್ಳುವವನು ವಾಚ್‌ಮನ್ ಮೈಲಾರಿ, ಯಾದಗಿರಿ ಕಡೆಯವನು. ಫೋನ್ ಮಾಡಿದೆ.
"ಮಷೀನ್ ಚಾಲೂ ಅದರಿ ಮೇಡಂ, ಹಗಲೂ ರಾತ್ರಿ."
ಕೇಳುವ ಮೊದಲೇ ಉತ್ತರ! ಯಾರೋ ಫ್ಯಾಕ್ಟರಿಯವರು ಇವನ ಕೈ ಬೆಚ್ಚಗೆ ಮಾಡಿದ್ದಾರೆ.

ಮೇ 9
ನಮ್ಮ ಲ್ಯಾಬ್ ಮುಖ್ಯಸ್ಥ ರಘೋತ್ತಮ ಸರ್ ಅವರ ಪ್ರಾಜೆಕ್ಟ್ ನಿಂತಿರುವುದೇ ಈ ಫಿಲ್ಟರ್ ಮೇಲೆ. ಅವರ ವಾದ — ನಮ್ಮ ಹೊಗೆ, ಮಸಿ ಅರಬ್ಬಿ ಸಮುದ್ರದ ಮೇಲೆ ಹರಡಿದರೆ ಎತ್ತರದ ಗಾಳಿ ಸಡಿಲವಾಗುತ್ತದೆ. ಚಂಡಮಾರುತವನ್ನು ಚೆದುರಿಸಬೇಕಾದ ಗಾಳಿಯೇ ಅದು. ಜೊತೆಗೆ ಸಮುದ್ರವೂ ಕಾದಿದ್ದರೆ ಚಂಡಮಾರುತ ಬಲಿಯುತ್ತದೆ. ಲೆಕ್ಕ ಸರಿಯಿದ್ದರೆ ಜನರಿಗೆ ಮೊದಲೇ ಎಚ್ಚರಿಕೆ ಕೊಡಬಹುದು. ಸುಳ್ಳು ಫಿಲ್ಟರ್‌ನಿಂದ ಏನು ಕೊಡುವುದು?
"ಒಬ್ಬ ವಾಚ್‌ಮನ್ ಮೇಲೆ ಇಷ್ಟು ಗುಮಾನಿ ಯಾಕಮ್ಮ ರುಚಿತಾ?" ಎಂದರು.
ಸರ್ ಮೇಲೂ ಸ್ವಲ್ಪ ಗುಮಾನಿ ಬಂತು.

ಮೇ 19, ನಾಸಿಕ
ಹೇಳದೆ ಹೋದೆ. ಮಷೀನ್ ಬಂದ್. ಪಕ್ಕದ ತಗಡಿನ ಖೋಲಿಯಲ್ಲಿ ಮಾತ್ರ ಏನೋ ಮೋಟರ್ ಸದ್ದು. ಸಿಕ್ಕಿಬಿದ್ದ ಎಂದುಕೊಂಡು ನುಗ್ಗಿದೆ.
ಮೈಲಾರಿಯ ಹೆಂಡತಿ ಜಗದೇವಿ. ಮುಖಕ್ಕೆ ಮಾಸ್ಕ್. ಸದ್ದು ಉಸಿರಿಗೆ ಔಷಧಿ ಕೊಡುವ ನೆಬ್ಯುಲೈಜರ್‌ನದು. ಒಂದೊಂದು ಉಸಿರಿಗೂ ಹೆಗಲು ಏಳುತ್ತಿದೆ.
ಪಕ್ಕದಲ್ಲಿದ್ದ ಮೈಲಾರಿ ಎಲ್ಲ ಹೇಳಿದ. ಟೆರೇಸಿಗೆ ಇರುವುದು ಒಂದೇ ಪ್ಲಗ್. ಹೊಗೆ ಹೆಚ್ಚಾದಾಗ ಅವಳಿಗೆ ಉಸಿರು ಕಟ್ಟುತ್ತದೆ. ಆಗೆಲ್ಲ ಮಷೀನ್ ಬಂದ್. ಅಂದರೆ ಫಿಲ್ಟರ್ ಬಿಳಿಯಿದ್ದಾಗಲೇ ಗಾಳಿ ತೀರಾ ಕೆಟ್ಟಿತ್ತು...
"ಬಿರುಗಾಳಿ ಬಂದರೆ ಮೊದಲು ಹಾರೋದು ನಿಮ್ಮ ತಗಡೇ ಮೈಲಾರಿ. ಅದಕ್ಕೇ ಈ ಮಷೀನ್" ಎಂದೆ.
"ತಗಡ ಹಾರಿದ್ರ ಹಿಡ್ಕೊಂಡು ಕುಂದರ್ತೀವ್ರಿ. ಇಕಿ ಉಸರು ಹೋದ್ರ ಏನ್ ಹಿಡೀಲ್ರಿ ಮೇಡಂ?"
ನಾಚಿಕೆಯಾಯಿತು. ಚಹಾ ಕೊಟ್ಟರು, ಕುಡಿದೆ.

ಮೇ 20
ಮಷೀನ್ ಯಾಕೆ ನಿಂತಿತ್ತು ಎಂದು ಸರ್ ಕೇಳಿದರು. ಕರೆಂಟ್ ಇರಲಿಲ್ಲ ಎಂದೆ. ನಂಬಿಬಿಟ್ಟರು. ಈಗ ನನ್ನ ಮೇಲೆ ನನಗೇ ಗುಮಾನಿ. ಇನ್ನೊಂದು ಪ್ಲಗ್ ಹಾಕಿಸಲು ಬಿಲ್ಡಿಂಗ್ ಮಾಲೀಕರಿಗೆ ಹೇಳಿದ್ದೇನೆ. ನೋಡೋಣ ಎಂದಿದ್ದಾರೆ.

ಮೇ 24, ಸಂಜೆ
ಸಮುದ್ರದಲ್ಲಿ ಎದ್ದ ಚಂಡಮಾರುತ ದಡಕ್ಕೆ ಬಂತು. ನಾಸಿಕದಲ್ಲಿ ಮಧ್ಯಾಹ್ನದಿಂದ ಬಿರುಗಾಳಿ. ಮೈಲಾರಿಯೇ ಫೋನ್ ಮಾಡಿದ.
"ಕಂಬ ಬಿದ್ದಾವ್ರಿ ಮೇಡಂ. ಎಲ್ಲೂ ಲೈಟ್ ಇಲ್ಲ. ಇಕಿಗೆ—"
ಕಟ್ ಆಯಿತು. ತಗಡಿನ ಮಾತೇ ಎತ್ತಲಿಲ್ಲ. ಆಂಬ್ಯುಲೆನ್ಸ್‌ಗೆ ಹೇಳಿದ್ದೇನೆ, ದಾರಿಯಲ್ಲಿ ಮರ ಬಿದ್ದಿದೆ ಅನ್ನುತ್ತಾರೆ. ಅದೂ ನಿಜವೋ ಏನೋ. ಮತ್ತೆ ಮೈಲಾರಿಗೆ ಫೋನ್ ಹಚ್ಚಿದ್ದೇನೆ. ರಿಂಗ್ ಆಗುತ್ತಿದೆ. ಎತ್ತು ಮಾರಾಯ. ಚೆನ್ನಾಗಿದ್ದಾಳೆ ಅನ್ನು, ಸುಳ್ಳಾದರೂ ನಂಬುತ್ತೇನೆ.