ಹಿತ್ತಲಲ್ಲಿ ಕೂತವಳು

೧೮ ಆಗಸ್ಟ್ ೧೯೬೪, ಮಂಗಳವಾರ. ಕೊಳ್ಳೇಗಾಲ.

ಇವತ್ತು ನಾನೇಕೆ ಬಾಯಿ ಬಿಡಲಿಲ್ಲ?

ಬಡ ಹೆಂಗಸರಿಗೆ ಹೊಲಿಗೆ ಕಲಿಸಲೆಂದು ಸರ್ಕಾರ ನಮ್ಮ ಮಠಕ್ಕೆ ಅನುದಾನದಲ್ಲಿ ಆರು ಮೆಷಿನ್ ಕೊಟ್ಟಿದೆ. ಕಲಿಸುವವಳು ನಾನು. ಇವತ್ತು ತನಿಖೆಗೆ ಅಧಿಕಾರಿ ಬರುವವರಿದ್ದರು. ಬೆಳಿಗ್ಗೆಯೇ ಮಠದ ಕಾರ್ಯದರ್ಶಿ ಸದಾಶಿವಪ್ಪನವರು ತಮ್ಮ ನೆಂಟರ ಹೆಣ್ಣುಮಕ್ಕಳಿಗೆ ರೇಷ್ಮೆ ಸೀರೆ ಉಡಿಸಿ ಕರೆತಂದು ಮೆಷಿನ್‌ಗಳ ಮುಂದೆ ಕೂರಿಸಿದರು. ಅವರಲ್ಲಿ ಒಬ್ಬಳಿಗೂ ಸೂಜಿಗೆ ದಾರ ಪೋಣಿಸಲು ಬಾರದು.

"ಹರಕ್ಲು ಸೀರೆಯೋರು ಈವತ್ತೊಂದಿನ ಹಿತ್ಲಲ್ಲಿರ್ಲಿ ಕಣವ್ವ. ಇಲ್ದಿದ್ರೆ ಮಠದ ಮರ್ವಾದೆ ಓಯ್ತದೆ" ಎಂದರು.

ಮಧುವನಹಳ್ಳಿಯಿಂದ ದಿನವೂ ನಡೆದು ಬರುವ ಕೆಂಪಾಜಮ್ಮ, ಅಧಿಕಾರಿಗೆ ತೋರಿಸಲೆಂದು ತಾನೇ ಹೊಲಿದ ರವಿಕೆ ತಂದಿದ್ದಳು. ಅದನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲಲ್ಲೇ ಕೂತಳು.

ಅಧಿಕಾರಿ ತಲೆ ಎಣಿಸಿದರು, ಕಾಫಿ ಕುಡಿದರು. "ಇವರೆಲ್ಲ ಚೆನ್ನಾಗಿ ಕಲ್ತಿದಾರೇನಮ್ಮ?" ಎಂದು ನನ್ನನ್ನೇ ಕೇಳಿದರು.

"ಹೂಂ ಸಾರ್" ಎಂದುಬಿಟ್ಟೆ. ಥೂ!

ಸಂಜೆ ಕೆಂಪಾಜಮ್ಮ ಮೆಲ್ಲಗೆ ಕೇಳಿದಳು: "ಅಕ್ಕಾ, ನಾಳೀಕೆ ಒಳೀಕೆ ಬರ್ಬೋದಾ?"

"ಬಾ" ಎಂದೆ. ಮುಖ ನೋಡಲಾಗಲಿಲ್ಲ.

ಅಧಿಕಾರಿಗೆ ನಿಜ ಬರೆದರೆ ಮೆಷಿನ್‌ಗಳನ್ನೇ ವಾಪಸ್ ಒಯ್ದಾರು. ಬರೆಯದಿದ್ದರೆ ಮುಂದಿನ ತನಿಖೆಗೂ ಇದೇ ನಾಟಕ. ಇಲ್ಲ, ಬರೆಯಲೇಬೇಕು. ಸದಾಶಿವಪ್ಪನವರ ಮೇಲೆ ದೂರು ಬರೆಯುವುದು ಸುಲಭ. ಆದರೆ ಸುಳ್ಳು ಹೇಳಿದವಳು ನಾನು ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಬೇಕು.