ಪರದೆಯ ಮೇಲೆ ನನ್ನ ಗುಂಡಿಗೆ

ಇಂಡಿ,
೯ ಫೆಬ್ರವರಿ ೨೦೨೫

ಚಿರಂಜೀವಿ ಕೌಸ್ತುಭನಿಗೆ ನಿನ್ನ ಪಾಂಡು ಕಾಕಾ ಗಂಟಲು ತುಂಬ ಮಾಡುವ ಆಶೀರ್ವಾದ. ಮುದ್ದೇಬಿಹಾಳದಲ್ಲಿ ಎಲ್ಲರೂ ಅರಾಮ ಇದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಹೋದರೆ ನೀನು "ಕಾಕಾ, ಹುಡುಗರಿಗೆ ಕ್ಲಾಸ್ ತಗೋಬೇಕು" ಅಂತ ಇಟ್ಟುಬಿಡ್ತಿ. ಕಾಗದದಲ್ಲಿ ಆ ಅನುಕೂಲ ಇಲ್ಲ!

ಕೇಳು. ನಿನ್ನ ನಲಿನಿ ಕಾಕು ನನ್ನನ್ನು ವಿಜಯಪುರದ ದವಾಖಾನೆಗೆ ಎಳೆದೊಯ್ದಳು. ನನಗೇನು ಧಾಡಿ? ಅರವತ್ತೆರಡರಲ್ಲೂ ರಂಗದ ಮೇಲೆ ಕತ್ತಿ ಹಿರಿದು ಮೂರು ತಾಸು ಗರ್ಜಿಸುವವ! ಎದೆನೋವಿಲ್ಲ, ಏದುಸಿರಿಲ್ಲ.

"ನೋವು ಬರೂಕಿಂತ ಮೊದಲ ನೋಡೂದ ಈ ಹೃದಯದ ಸ್ಕ್ಯಾನಿನ ಕೆಲಸ್ರಿ" ಎಂದರು ಡಾಕ್ಟರ್ ಹುಮಾ.

"ಶತ್ರು ಇಲ್ಲದ ರಣರಂಗಕ್ಕ ನನ್ನ ಯಾಕ ಇಳಸ್ತೀರಿ, ತಾಯಿ?" ಎಂದೆ.

"ಡೈಲಾಗ್ ಸಾಕು, ಅಂಗಿ ತೆಗೀರಿ" ಅಂದಳು ನಲಿನಿ.

ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿದರು. ಕೈಗೆ ಸೂಜಿ ಚುಚ್ಚಿ ಔಷಧ ಬಿಟ್ಟರೆ ಮೈಯೊಳಗೆಲ್ಲ ಬಿಸಿನೀರು ಹರಿದಂತೆ. "ಉಸಿರು ಹಿಡೀರಿ" ಅಂದರು. ನಾಟಕದವನಿಗೆ ಹೇಳಬೇಕೇ? ಬಿಡಿ ಎಂದರೂ ಹಿಡಿದೇ ಇದ್ದೆ!

ಆಮೇಲೆ ಪರದೆಯ ಮೇಲೆ ತೋರಿಸಿದರು. ಕೌಸ್ತುಭಾ, ಎದೆ ಸೀಳದೆ, ಹನಿ ರಕ್ತ ಚೆಲ್ಲದೆ, ನನ್ನದೇ ಗುಂಡಿಗೆ ಕಣ್ಣೆದುರು ತಿರುಗುತ್ತಿತ್ತು. ಅದರ ಮೇಲೆ ನಿಂಬಿಗಿಡದ ಟೊಂಗೆಗಳಂತೆ ಕವಲೊಡೆದ ನಾಳಗಳು. ಹುಟ್ಟಿದಾಗಿನಿಂದ ಒಂದು ಕ್ಷಣ ಬಿಡದೆ ದುಡಿದವನನ್ನು ಅರವತ್ತೆರಡು ವರ್ಷಕ್ಕೆ ಮುಖಾಮುಖಿ ಕಂಡೆ. ಕೈ ಮುಗಿದೆ. ನಗಬೇಡ, ನಿಜವಾಗಿ ಮುಗಿದೆ.

ಒಂದು ನಾಳದೊಳಗೆ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ. ಅರ್ಧ ದಾರಿ ಮುಚ್ಚಿತ್ತು.

"ವರ್ಷಾನುಗಟ್ಟಲೆ ಕುಂತೈತ್ರಿ, ನಿಮಗ ಸುಳಿವು ಕೊಟ್ಟಿಲ್ಲ" ಎಂದರು ಡಾಕ್ಟರು. ಸದ್ಯಕ್ಕೆ ಗುಳಿಗೆ, ಪಥ್ಯ, ನಡಿಗೆ ಸಾಕಂತೆ.

ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು. ನಲವತ್ತಾರಕ್ಕೇ ಹೋದ ನಮ್ಮಣ್ಣ, ನಿಮ್ಮಪ್ಪ ಶ್ರೀವಲ್ಲಭನ ಹೆಸರು ಹೇಳಿದೆ. ಅವರ ಮಗನಿಗೆ ಎಷ್ಟು ವಯಸ್ಸು? ನಲವತ್ನಾಲ್ಕು. ಡಾಕ್ಟರು ಪೆನ್ನು ಕೆಳಗಿಟ್ಟರು. "ಕರ್ಕೊಂಡು ಬರ್ರಿ."

ಬಾ. "ನಾ ದಿನಾ ಓಡ್ತೇನಿ ಕಾಕಾ" ಅನಬೇಡ. ಮುಂದಿನ ಗುರುವಾರ ಹತ್ತಕ್ಕೆ ನಿನ್ನ ಹೆಸರು ಬರೆಸಿದ್ದೇನೆ, ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲೇ ನಿಂತಿರುತ್ತೇನೆ. ಸೊಸೆ ಮಂಜರಿಗೂ ಮಗಳಿಗೂ ಶುಭವಾಗಲಿ. ನೀನು ನೂರು ವರ್ಷ ಬಾಳು. ಇದು ಹರಕೆಯಲ್ಲ, ಹುಕುಂ.

ನಿನ್ನ ಕಾಕಾ,
ಪಾಂಡುರಂಗ

ತಾ.ಕ.: ನಿಮ್ಮಪ್ಪ ಬಣ್ಣದ ಕೋಣೆಯಲ್ಲಿ, ನನ್ನ ತೊಡೆಯ ಮೇಲೆ, ನಿನ್ನ ಹೆಸರು ಹೇಳುತ್ತ ಹೋದನೆಂದು ಹೇಳಿದ್ದೆನಲ್ಲ, ಅದು ಸುಳ್ಳು. ಸಿಂದಗಿಯಲ್ಲಿ ಸೇನಾಪತಿಯ ಪಾರ್ಟು ಮಾಡುತ್ತ, ಬಾಣ ತಾಗಿ ಬೀಳುವ ಜಾಗದಲ್ಲೇ ನಿಜವಾಗಿ ಬಿದ್ದ. ಜನ ಎದ್ದು ನಿಂತು "ವನ್ಸ್ ಮೋರ್" ಕೂಗಿದರು. ನಮ್ಮ ಪದ್ಧತಿ ಗೊತ್ತಲ್ಲ, ಕೂಗಿದರೆ ಸತ್ತವ ಎದ್ದು ಮತ್ತೊಮ್ಮೆ ಸಾಯಬೇಕು. ಅಣ್ಣ ಏಳಲಿಲ್ಲ. ಬಾಗಿ ಕಿವಿಯಲ್ಲಿ, "ಅಣ್ಣಾ, ಏಳು, ಮಂದಿ ಕೇಳಾಕತ್ತಾರ" ಅಂದೆ. ಎರಡು ಸಲ ಅಂದೆ. ಮೂರನೆಯ ಸಲ ಬೈದೆ.