ಎರಡಿಂಚಿನ ಗಾಳಿ ಪೈಪು

ಮಧುಗಿರಿ
ಶನಿವಾರ, ೧೪ ಡಿಸೆಂಬರ್ ೨೦೨೪

ಚಿರಂಜೀವಿ ಅಂಜಿನಮೂರ್ತಿಗೆ, ನಿನ್ನ ಅಪ್ಪ ತಲೆ ಸವರಿ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಬಳ್ಳಾರಿ ಕಡೆಯ ಕೆಂಪು ಧೂಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತೋ ಏನೋ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡು. ಮೆಸ್ಸಿನಲ್ಲಿ ಮುದ್ದೆ ಸಿಗುತ್ತದೆಯೇ? ನೀನು ಮೂರು ಸಲ ಫೋನ್ ಮಾಡಿದ್ದೆ, ನಾನು ಎತ್ತಲಿಲ್ಲ. ಸಿಟ್ಟಿನಿಂದಲ್ಲ ಕಣಪ್ಪ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಈ ಕಾಗದ. ಬರೆದು ಎಷ್ಟೋ ವರ್ಷವಾಯಿತು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿಮ್ಮಮ್ಮ ಆರೋಗ್ಯವಾಗಿದ್ದಾಳೆ, ಆದರೆ ಮಂಗಳವಾರದಿಂದ ನನ್ನೊಡನೆ ಮಾತಿಲ್ಲ. ತಟ್ಟೆ ಇಟ್ಟು ಹಿತ್ತಲಿಗೆ ಹೋಗಿಬಿಡುತ್ತಾಳೆ.

ರೇಣುಕಯ್ಯನವರ ಕಡಲೆಕಾಯಿ ಮಿಲ್ಲಿಗೆ ನೀನು ನಕ್ಷೆ ಬರೆದುಕೊಟ್ಟೆಯಲ್ಲ, ಆ ವಿಷಯ. ಗಾಳಿ ಊದಿ ಕೆಟ್ಟ ಬೀಜ ಹಾರಿಸುವ ಮಷೀನು ಮೂರು, ಮೂರೂ ಶೆಡ್ಡಿನ ಆ ತುದಿಗೆ, ಗಾಳಿ ಒತ್ತಿ ಕಳಿಸುವ ಕಂಪ್ರೆಸರ್ ಈ ತುದಿಗೆ. ನೀನು ಮೂರು ಸಂಜೆ ಟೇಪು ಹಿಡಿದು ಅಳೆದೆ. ಒಂದೊಂದು ಮಷೀನು ಎಷ್ಟು ಗಾಳಿ ಕುಡಿಯುತ್ತದೆ, ಸೋರುವುದೆಷ್ಟು, ಮುಂದಿನ ವರ್ಷ ಬರುವ ನಾಲ್ಕನೆಯದಕ್ಕೆ ಎಷ್ಟು ಎಂದು ಕೂಡಿಸಿ ಎರಡಿಂಚಿನ ಕಬ್ಬಿಣದ ಪೈಪು ಎಂದು ಬರೆದೆ. ಎರಡೂ ಕಡೆಯಿಂದ ಗಾಳಿ ಬರಲೆಂದು ಶೆಡ್ಡಿನ ಸುತ್ತ ಒಂದು ಸುತ್ತು, ಪೈಪು ತಿರುಗಿಸುವ ಬೆಂಡು ಆದಷ್ಟು ಕಡಿಮೆ, ಗಾಳಿಯ ತೇವ ಕೂಡಿ ಆಗುವ ನೀರಿಳಿಯಲು ಸ್ವಲ್ಪ ಇಳಿಜಾರು. ಬಸ್ಸು ಹತ್ತುವಾಗಲೂ ಅದೇ ಮಾತು: "ಅಪ್ಪಾ, ನಕ್ಷೇಲಿರೋ ಅಂಗೇ ಹಾಕು. ಒಂದ್ ನೂಲೂ ಕಮ್ಮಿ ಮಾಡ್‌ಬ್ಯಾಡ." ನಾನೇನೆಂದೆ, ನೆನಪಿದೆಯಾ? "ಲೇ, ಮೂವತ್ತು ವರ್ಸ ಬೋರ್‌ವೆಲ್ಗೆ ಪೈಪ್ ಇಳ್ಸಿರೋನು ನಾನು. ನಂಗೇ ಪಾಠ ಹೇಳ್ತೀಯೇನ್ಲಾ? ಗಾಳಿಗೇನ್ ತೂಕ ಐತಾ?"

ಕಬ್ಬಿಣದ ಪೈಪು ತುಮಕೂರಿನಿಂದ ಬರುವುದು ಎಂಟು ದಿನ ತಡವೆಂದರು. ಅಂಗಳದಲ್ಲಿ ಕಡಲೆಕಾಯಿ ಮೂಟೆ ಬಂದು ಬಿದ್ದಿತ್ತು. ನಾನು ಎದೆ ತಟ್ಟಿಕೊಂಡು, ನನ್ನ ಹತ್ತಿರ ಒಂದಿಂಚಿನ ಪ್ಲಾಸ್ಟಿಕ್ ಪೈಪಿದೆ ಸ್ವಾಮಿ, ಎರಡು ದಿನದಲ್ಲಿ ಗಾಳಿ ಬಿಡಿಸುತ್ತೇನೆ ಎಂದೆ. ರೇಣುಕಯ್ಯನವರು ಅನುಮಾನ ಪಟ್ಟಾಗ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ರಬ್ಬರ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ತೋರಿಸಿದೆ. ನೀರು ಕಾಂಪೌಂಡು ದಾಟಿ ಚಿಮ್ಮಿತು. "ನೋಡಿ, ಸಣ್ಣಗಾದಷ್ಟೂ ಜೋರು" ಎಂದೆ. ಎಲ್ಲರೂ ತಲೆಯಾಡಿಸಿದರು. ತೋಟಕ್ಕೆ ನೀರು ಬಿಟ್ಟ ಯಾರು ತಾನೇ ತಲೆಯಾಡಿಸುವುದಿಲ್ಲ ಹೇಳು. ಹೆಬ್ಬೆರಳು ಒತ್ತುವುದು ಬಾಯಿಗೆ ಮಾತ್ರ, ನಾನು ಇಡೀ ದಾರಿಯ ಕತ್ತನ್ನೇ ಹಿಸುಕಿದ್ದೆ ಅನ್ನುವುದು ಈಗ ಹೊಳೆಯುತ್ತಿದೆ. ಹಾಳಾದ ಬುದ್ಧಿ!

ಕಂಬ ಬಂದಲ್ಲೆಲ್ಲ ತಿರುಗಿಸಿ ಹನ್ನೊಂದು ಬೆಂಡು ಹಾಕಿದೆ. ಮೊದಲ ಮಷೀನು ಓಡಿತು, ಮೂರನೆಯದು ಉಸಿರಿಲ್ಲದೆ ನಿಂತಿತು. ಅಲ್ಲಿಗಾದರೂ ನಿನಗೆ ಫೋನ್ ಮಾಡಬಹುದಿತ್ತು. ಮಗನ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ಮಾಡಲಿಲ್ಲ. ಕಂಪ್ರೆಸರಿನ ಒತ್ತಡದ ಮುಳ್ಳು ಏಳರಲ್ಲಿತ್ತು, ಹತ್ತಕ್ಕೆ ಏರಿಸಿದೆ. ಸೋಮವಾರ ಮಧ್ಯಾಹ್ನ ಕಂಪ್ರೆಸರಿನ ಬಿಸಿ ಗಾಳಿಗೆ ಬಲ ಕುಂದಿದ್ದ ಪೈಪು ಬಾಂಬಿನ ಹಾಗೆ ಸಿಡಿದು ಚೂರುಚೂರಾಯಿತು. ಕೆಳಗೆ ಕೂತು ಬೀಜ ಆರಿಸುತ್ತಿದ್ದವಳು ನಮ್ಮ ಪಕ್ಕದ ಮನೆಯ ಓಬಳಮ್ಮ.

ಚೂರು ಬಡಿದು ಅವಳ ಬಲಗಣ್ಣು ಹೋಯಿತು ಕಣಪ್ಪ. ತುಮಕೂರಿನ ಡಾಕ್ಟರು ಎಡದ್ದರ ಮೇಲೂ ಭರವಸೆ ಕೊಡುತ್ತಿಲ್ಲ. ನಿಮ್ಮಮ್ಮನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ಅವಳೇ. ಆಸ್ಪತ್ರೆಗೆ ಹೋದೆ. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ, ಕೆಮ್ಮಿನಲ್ಲೇ ನನ್ನ ಗುರುತು ಹಿಡಿದಳು. "ದಾಸಣ್ಣಾ, ಅಂಜಿನ ಊರಲ್ಲಿದ್ದಿದ್ರೆ ಇಂಗಾಗ್ತಿರ್ಲಿಲ್ಲ ಕಣಣ್ಣ" ಎಂದಳು. ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಂದಿದ್ದ ಎಳನೀರನ್ನು ಅಲ್ಲೇ ಇಟ್ಟು ಬಂದುಬಿಟ್ಟೆ. ಅವಳು ಕುಡಿದಳೋ ಇಲ್ಲವೋ ಗೊತ್ತಿಲ್ಲ.

ಪೈಪು ಬಿಗಿಯುವ ಪಾನಾಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆ. ಮೂವತ್ತು ವರ್ಷದ ಕೆಲಸ ಮಣ್ಣುಪಾಲಾಯಿತು. ಅದು ಹೋಗಲಿ, ಆ ಕಣ್ಣನ್ನು ಎಲ್ಲಿಂದ ತಂದುಕೊಡಲಿ? ನೀನು ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಹುಷಾರು. ಗೊರವನಹಳ್ಳಿಯ ಮಹಾಲಕ್ಷ್ಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ದಾಸಣ್ಣ

ಲಕೋಟೆ ಅಂಟಿಸುವ ಮೊದಲು ಇದಿಷ್ಟು. ಮಂಗಳವಾರ ಪೊಲೀಸರು ಸ್ಟೇಷನ್ನಿಗೆ ಕರೆಸಿ "ಇದ್ಯಾರ್ ಹೇಳಿದ್ ಕೆಲ್ಸ?" ಎಂದು ಗದರಿದಾಗ, "ನನ್ ಮಗ ಬರ್ಕೊಟ್ಟಂಗೇ ಹಾಕಿದ್ದು ಸ್ವಾಮಿ" ಎಂದುಬಿಟ್ಟೆ. ಬರೆದುಕೊಂಡರು, ನಾನು ಸಹಿ ಹಾಕಿದೆ. ನಿನ್ನ ವಿಳಾಸವನ್ನೂ ನಾನೇ ಹೇಳಿದೆ. ನನ್ನ ಜೊತೆ ಬಂದಿದ್ದ ನಿಮ್ಮಮ್ಮ ಸ್ಟೇಷನ್ನಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಪೊಲೀಸರು ನಕ್ಷೆ ಎಲ್ಲಿ ಎಂದಾಗ ಕಳೆದುಹೋಯಿತು ಎಂದೆ. ಕಳೆದಿಲ್ಲ, ಇದರ ಜೊತೆಗೇ ಮಡಿಸಿಟ್ಟಿದ್ದೇನೆ. ನೋಟಿಸು ಬಂದರೆ ನಕ್ಷೆ, ಕಾಗದ ಎರಡನ್ನೂ ಅವರ ಮುಂದಿಡು. ಎದುರಿಗೆ ನಿಲ್ಲಿಸಿ ಕೇಳಿದರೆ ನಾನು ಹೆದರಿ ಮತ್ತೆ ಸುಳ್ಳು ಹೇಳಿಯೇನು. ಆಗ ನನ್ನ ಮುಖ ನೋಡಬೇಡ ಮಗನೇ, ಈ ಕಾಗದ ತೋರಿಸು.